ಕೊರಳಿಗೆ ಅನ್ನ ಹಾಕಿದ ಊರುಗಳು

ಮೊದಲ ದಿನ: ಬಳ್ಳಾರಿ

ಅಕ್ಕನ ಮಗಳು ಬೆಂಗಳೂರಿನ ತನ್ನ ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿ ಸಂಗೀತ ಪಾಠ ಹೇಳಿಸಿಕೊಳ್ಳುತ್ತಾಳೆ. ಗುರುಗಳು ಧಾರವಾಡದಲ್ಲಿ, ಶಿಷ್ಯೆ ಮಾರತಹಳ್ಳಿಯಲ್ಲಿ, ತಂಬೂರಿ ಯಂತ್ರದೊಳಗೆ. ಮೂರು ವರ್ಷಗಳ ಈ ಪಾಠದಲ್ಲಿ ಅವಳು ಎಷ್ಟು ಕಲಿತಳೋ ಕಾಣೆ; ಹಿಂದೂಸ್ತಾನಿ ಗಾಯಕ ಪಂಡಿತ ಎಂ. ವೆಂಕಟೇಶ ಕುಮಾರ್ ಅವರ ದುರ್ಗಾ ರಾಗದ ಧ್ವನಿಮುದ್ರಣವಂತೂ ವಾರಕ್ಕೊಮ್ಮೆ ನನ್ನ ಫೋನಿಗೂ ಬಂದು ಬೀಳುತ್ತದೆ. "ಮಾವ, ಈ ದನಿ ಎಲ್ಲಿಂದ ಬಂತೋ ಆ ಸೀಮೆಯನ್ನು ನೋಡಬೇಕು" ಎಂದು ದೀಪಾವಳಿಯಿಂದ ಹಟ ಹಿಡಿದಿದ್ದಳು.

ನಾನು ನಿವೃತ್ತ ಗಣಿತದ ಮೇಷ್ಟ್ರು. ಹರೆಯದಲ್ಲಿ ಮೂರು ವರ್ಷ ತಬಲಾ ಬಡಿದು, ತೀನ್‌ತಾಲದಲ್ಲಿ ಹದಿನಾರು ಮಾತ್ರೆಯ ಎಣಿಕೆಯೊಂದೇ ಸರಿಯಾಗಿ ಬಂದದ್ದರಿಂದ ಗಣಿತಕ್ಕೆ ಹೋದವನು. ಪಂಡಿತರು ಹುಟ್ಟಿದ್ದು ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ. ಅಲ್ಲಿಗೇ ಹೋಗೋಣವೆಂದಳು. ಹುಟ್ಟಿದ ಮನೆಯ ಗೋಡೆ ನೋಡಿದರೆ ಹಾಡು ತಿಳಿಯುವುದಿಲ್ಲ, ಉಂಡ ಮನೆಗಳನ್ನು ನೋಡೋಣ ಎಂದು ನಾನು ದಾರಿ ತಿರುಗಿಸಿದೆ. ಬಳ್ಳಾರಿಯಿಂದ ಗದಗಿನವರೆಗೆ ರೈಲು ಹಳಿಯ ಆಸುಪಾಸಿನಲ್ಲೇ ನಾಲ್ಕು ದಿನ. ಜನವರಿಯ ಚಳಿ, ಬಿಸಿಲಿಗೆ ಹೆಸರಾದ ನಾಡನ್ನು ನೋಡಲು ಅದೊಂದೇ ಸರಿಯಾದ ಕಾಲ.

ರಾತ್ರಿ ರೈಲಿನಿಂದ ಇಳಿದು, ಮುಖ ತೊಳೆದು, ಒಗ್ಗರಣೆ ಮಿರ್ಚಿ ತಿಂದೆವು. ಇಲ್ಲಿ ಒಗ್ಗರಣೆ ಎಂದರೆ ಸಾರಿಗೆ ಹಾಕುವ ಸಾಸಿವೆ ಕರಿಬೇವಲ್ಲ, ನೆನೆಸಿ ಹಿಂಡಿದ ಮಂಡಕ್ಕಿಯ ತಿಂಡಿ. ಎರಡನೆಯ ಮಿರ್ಚಿಗೆ ಅವಳ ಕಣ್ಣಲ್ಲಿ ನೀರು ಬಂತು. ಗಾಯಕಿಯಾಗುವವಳು ಗಂಟಲು ಜೋಪಾನ ಮಾಡಬೇಕು ಎಂದೆ. ಈ ಊರಿನ ಗಂಟಲುಗಳೆಲ್ಲ ಇದನ್ನು ತಿಂದೇ ಬೆಳೆದವು ಎಂದಳು. ಉತ್ತರ ತೋಚಲಿಲ್ಲ.

ಕೋಟೆಯನ್ನು ಬೇಗ ಮುಗಿಸಿದೆವು. ಒಂದೇ ಬಂಡೆಯಂತೆ ಎದ್ದು ನಿಂತ ಗುಡ್ಡ, ಮೇಲೆ ಕೋಟೆ. ಹೈದರಾಲಿಗಾಗಿ ಇದನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು, ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಾಗಿದೆ ಎಂಬ ತಪ್ಪಿಗೆ ಗಲ್ಲಿಗೇರಿಸಿದರೆಂದು ಊರಿನವರು ಕಥೆ ಹೇಳುತ್ತಾರೆ. ಅಳತೆ ತಪ್ಪಿದ ಗಣಿತದವನ ಕಥೆಯಾದ್ದರಿಂದ ನನಗೆ ಅಷ್ಟು ರುಚಿಸಲಿಲ್ಲ. ಕನಕ ದುರ್ಗಮ್ಮನ ಗುಡಿಯಲ್ಲಿ ಕಾಯಿ ಒಡೆಸಿದೆವು. ದುರ್ಗಾ ರಾಗಕ್ಕೂ ಈ ತಾಯಿಗೂ ನಂಟು ಕಟ್ಟಲು ಹುಡುಗಿ ಬಾಯಿ ತೆರೆದಳು, ನಾನು ಕಣ್ಣಲ್ಲೇ ತಡೆದೆ.

ಮಧ್ಯಾಹ್ನದಿಂದ ಸಂಜೆಯವರೆಗೆ ಕಳೆದದ್ದು ಒಬ್ಬ ತೊಗಲುಗೊಂಬೆ ಕಲಾವಿದರ ಮನೆಯಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರೆದುಕೊಂಡು ಹೋದ. ಬಳ್ಳಾರಿಗೆ ಬಂದದ್ದೇ ಇದಕ್ಕಾಗಿ. ವೆಂಕಟೇಶ ಕುಮಾರರ ತಂದೆ ಹುಲ್ಲೆಪ್ಪನವರು ಜನಪದ ಹಾಡುಗಾರರು, ತೊಗಲುಗೊಂಬೆ ಆಡಿಸುತ್ತಿದ್ದವರು. ಸೋದರಮಾವ ಬೆಳಗಲ್ಲು ವೀರಣ್ಣ ರಂಗನಟರು. ಇದೇ ತೊಗಲುಗೊಂಬೆಯನ್ನು ಸ್ವಾತಂತ್ರ್ಯ ಹೋರಾಟದ ಕಥೆಗೂ ಒಗ್ಗಿಸಿ ಊರೂರು ಸುತ್ತಿಸಿದವರು ಅವರು, 2023ರಲ್ಲಿ ತೀರಿಕೊಂಡರು. ವೆಂಕಟೇಶ ಕುಮಾರರು ಹುಟ್ಟಿದ್ದು 1953ರ ಜುಲೈ 1ರಂದು. ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು ಅದೇ ವರ್ಷದ ಅಕ್ಟೋಬರ್ 1ರಂದು. ಅಂದರೆ ಪಂಡಿತರು ನಾಡಿಗಿಂತ ಮೂರು ತಿಂಗಳು ಹಿರಿಯರು ಎಂದು ಲೆಕ್ಕ ಹಾಕಿ ಹೇಳಿದೆ. ಯಾರೂ ನಗಲಿಲ್ಲ.

ಕಲಾವಿದರು ಪೆಟ್ಟಿಗೆ ತೆರೆದರು. ರಾಮ ಮತ್ತು ರಾವಣ ಒಂದೇ ಕಟ್ಟಿನಲ್ಲಿ ಇರುವುದಿಲ್ಲ. ರಾತ್ರಿ ಪೆಟ್ಟಿಗೆಯೊಳಗೇ ಜಗಳ ಹತ್ತುತ್ತದೆ ಎಂಬ ನಂಬಿಕೆ. ಹಗಲಿನಲ್ಲಿ ನೋಡಿದರೆ ಗೊಂಬೆ ಮಾಸಲು ಚರ್ಮದ ತುಂಡು, ಅಷ್ಟೆ. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಬಣ್ಣ ತುಂಬಿರುತ್ತಾರೆ. ಅವರು ಕಿಟಕಿ ಮುಚ್ಚಿಸಿ, ಬಿಳಿ ಪಂಚೆಯೊಂದನ್ನು ಕಟ್ಟಿ ಹಿಂದೆ ಬಲ್ಬು ಹಚ್ಚಿದಾಗ ಅದೇ ತುಂಡು ಕೆಂಪು ಹಸಿರಾಗಿ ಉರಿಯಿತು. ಹಿಂದೆ ಎಣ್ಣೆ ದೀಪ ಇರುತ್ತಿತ್ತು, ಗಾಳಿಗೆ ಅದು ಅಲುಗಿದಾಗ ಗೊಂಬೆ ತಾನಾಗಿಯೇ ಉಸಿರಾಡುತ್ತಿತ್ತು ಎಂದರು.

ಅಕ್ಕನ ಮಗಳು ಗೊಂಬೆಯನ್ನು ಬಿಟ್ಟು ಅವರ ಬಾಯಿಯನ್ನೇ ನೋಡುತ್ತಿದ್ದಳು. ಪರದೆಯ ಹಿಂದೆ ಕುಳಿತವರು ಎರಡು ಕೈಯಲ್ಲಿ ಎರಡು ಗೊಂಬೆ ಹಿಡಿದು, ಯುದ್ಧದ ಸನ್ನಿವೇಶಕ್ಕೆ ಕಾಲಿನಿಂದ ಮರದ ಹಲಗೆ ಒದೆಯುತ್ತಾ, ರಾಮನಿಗೂ ಸೀತೆಗೂ ರಾವಣನಿಗೂ ತಾವೇ ಹಾಡಬೇಕು. ಮೈಕು ಇಲ್ಲದ ಕಾಲದಲ್ಲಿ, ಬಟ್ಟೆಯ ಆಚೆ, ಬಯಲಿನ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತವನಿಗೆ ಮುಟ್ಟುವಂತೆ, ಬೆಳಗಾಗುವ ತನಕ. ಅವರು ಸುಂದರಕಾಂಡದ ಒಂದು ಪದ ಎತ್ತಿಕೊಂಡರು. ವಯಸ್ಸಾದ ಕೊರಳು, ಅಲ್ಲಲ್ಲಿ ಹರಿದಿತ್ತು. ಆದರೂ ದನಿಯನ್ನು ಬಾಯಿಯೊಳಗೆ ಇಟ್ಟುಕೊಳ್ಳದೆ ನೇರವಾಗಿ ಎದುರಿನ ಗೋಡೆಗೆ ಎಸೆಯುತ್ತಿದ್ದರು. ವೆಂಕಟೇಶ ಕುಮಾರರ ತಾರಸಪ್ತಕದಲ್ಲಿ, ಮೇಲಿನ ಸ್ಥಾಯಿಯಲ್ಲಿ, ಬಾಗಿಲು ತೆರೆದಂತಾಗುವುದಲ್ಲ, ಆ ಬಾಗಿಲಿನ ಅಗುಳಿ ಇಲ್ಲಿದೆ ಎಂದು ನನಗೆ ಅನ್ನಿಸಿತು. ಇದು ಬರಿಯ ಊಹೆ, ತಬಲಾ ಬಿಟ್ಟವನ ಊಹೆ.

"ಮೇಳಕ್ಕೆ ಏನು ಕೊಡುತ್ತಿದ್ದರು?" ಎಂದು ಕೇಳಿದೆ.

"ಮಳೆ ಹೋದ ವರ್ಷ ತಾವೇ ಕರೆಯುತ್ತಿದ್ದರು ಸರ್. ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಎಂದು ಅವರ ನಂಬಿಕೆ. ಮನೆಗೊಂದು ಸೇರು ಜೋಳ, ದೀಪಕ್ಕೆ ಎಣ್ಣೆ, ಪರದೆಗೆ ಪಂಚೆ. ಮಳೆ ಬಂದರೆ ಇನ್ನೊಂದು ಸೇರು."

ಜೋಳಕ್ಕೆ ಬರ ಬಿದ್ದ ವರ್ಷವೇ ಜೋಳ ಕೊಟ್ಟು ಹಾಡಿಸಿದ ಊರುಗಳು. ಈ ಲೆಕ್ಕ ನನ್ನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ರಾತ್ರಿ ಲಾಡ್ಜಿನ ಎದುರು ಯಾರೋ ಮುಖಂಡರ ಹುಟ್ಟುಹಬ್ಬ. ಡಿಜೆ ಸದ್ದಿಗೆ ಕಿಟಕಿಯ ಗಾಜು ಹನ್ನೆರಡರವರೆಗೆ ಗಡಗಡ ಅಂದಿತು. ಬಿಸಿನೀರು ಬರುತ್ತದೆ ಎಂದವರು ಬೆಳಗ್ಗೆ ಬರುತ್ತದೆ ಎಂದು ಹೇಳಲಿಲ್ಲವಂತೆ; ತಣ್ಣೀರಿನಲ್ಲೇ ಮಿಂದು ಹೊರಟೆವು.

ಎರಡನೆಯ ದಿನ: ಆನೆಗೊಂದಿ

ತೋರಣಗಲ್ಲು ದಾಟುವವರೆಗೆ ಎಲ್ಲವೂ ಕೆಂಪು. ಗಿಡದ ಎಲೆ, ನಿಲ್ದಾಣದ ಬೆಂಚು, ನಾಯಿಯ ಬೆನ್ನು. ಹೊಸಪೇಟೆಯಲ್ಲಿ ಇಳಿದು ಆಟೊ ಹಿಡಿದೆವು. ತುಂಗಭದ್ರೆ ದಾಟಿದರೆ ಕೊಪ್ಪಳ ಜಿಲ್ಲೆ, ಒಮ್ಮೆಗೇ ಭತ್ತ ಮತ್ತು ಬಾಳೆಯ ಹಸಿರು. ಪ್ರವಾಸಿಗರೆಲ್ಲ ಹಂಪಿಯಿಂದ ಈ ದಡ ನೋಡುತ್ತಾರೆ. ನಾವು ಈ ದಡದಿಂದ ಹಂಪಿ ನೋಡಿದೆವು. ವಿಠ್ಠಲ ಗುಡಿಯ ಸ್ವರದ ಕಂಬಗಳನ್ನು ಬಡಿಯಲು ಈಗ ಹೇಗೂ ಬಿಡುವುದಿಲ್ಲ.

ದೋಣಿಯಲ್ಲಿ ನವಬೃಂದಾವನ ನಡುಗಡ್ಡೆಗೆ ಹೋದೆವು. ಮಧ್ಯದಲ್ಲಿ ವ್ಯಾಸರಾಯರ ಬೃಂದಾವನ, ಸುತ್ತ ಎಂಟು. ಪುರಂದರದಾಸರಿಗೂ ಕನಕದಾಸರಿಗೂ ಗುರುವಾಗಿದ್ದವರು ಇವರು. ಬೃಂದಾವನಕ್ಕೆ ಬಂದದ್ದು 1539ರಲ್ಲಿ. ಆಚೆ ದಡದಲ್ಲಿ, ನೀರಿನಂಚಿಗೆ, ಪುರಂದರ ಮಂಟಪ. ದಾಸರ ಪುಣ್ಯದಿನವಾದ ಪುಷ್ಯ ಬಹುಳ ಅಮಾವಾಸ್ಯೆಗೆ ಅಲ್ಲಿ ಹಾಡುಗಾರರು ಸೇರುತ್ತಾರೆ. ನಾವು ಹೋದಾಗ ಒಂದು ಕೊಕ್ಕರೆ ಇತ್ತು.

ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿಗೆ ಮೊದಲು ಹೇಳಿಕೊಡುವ ಸರಳೆ, ಜಂಟೆ ವರಸೆಗಳು, ಅವಕ್ಕೆ ಮಾಯಾಮಾಳವಗೌಳ ರಾಗ, ಇವೆಲ್ಲ ಪುರಂದರದಾಸರು ಹಾಕಿಕೊಟ್ಟವು ಎಂಬುದು ಪರಂಪರೆಯ ಮಾತು. "ನಮ್ಮ ಭೈರವದ ಸ್ವರಗಳೇ ಅಲ್ಲವೇ ಮಾವ" ಎಂದಳು. ಹಾಗೆ ನೋಡಿದರೆ ಅವಳ ದುರ್ಗಾ ಕೂಡ ದಕ್ಷಿಣದವರಿಗೆ ಶುದ್ಧ ಸಾವೇರಿ. ಸ, ರಿ, ಮ, ಪ, ದ. ಗಾಂಧಾರ ನಿಷಾದಗಳು ಇಲ್ಲ. ಉತ್ತರಾದಿ, ದಕ್ಷಿಣಾದಿ ಎಂದು ಬೇಲಿ ಹಾಕಿದವರು ತುಂಗಭದ್ರೆಯ ಈ ಭಾಗಕ್ಕೆ ಬಂದಿರಲಿಕ್ಕಿಲ್ಲ. ಇಲ್ಲಿ ಎರಡೂ ಒಂದೇ ಹಿತ್ತಲಿನ ಗಿಡಗಳು.

ಲೇವಾದೇವಿಯ ಶ್ರೀಮಂತನೊಬ್ಬ ಎಲ್ಲವನ್ನೂ ಬಿಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ಹಿಡಿದು ಯಾಯಿವಾರಕ್ಕೆ ಹೊರಟ ಕಥೆಯನ್ನು ಅವಳು ಶಾಲೆಯಲ್ಲೇ ಕೇಳಿದ್ದಳು. ಮನೆಮನೆಯ ಮುಂದೆ ಹಾಡುವುದು, ಒಂದು ಹಿಡಿ ಅಕ್ಕಿ ಬೀಳುವುದು, ಅಂದಿನದು ಅಂದಿಗೆ ಮುಗಿಯುವುದು. ಅವರ ನಂತರ ಎರಡು ಶತಮಾನ ಕಳೆದರೂ ರಾಯಚೂರು ಸೀಮೆಯಲ್ಲಿ ಈ ಪದ್ಧತಿ ಬತ್ತಲಿಲ್ಲ. ಚೀಕಲಪರವಿಯ ವಿಜಯದಾಸರು, ಮೊಸರುಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು. "ಹಾಗಾದರೆ ಇವರೆಲ್ಲ ಕಾಯಂ ಕೆಲಸವಿಲ್ಲದ ಸಂಗೀತಗಾರರು" ಎಂದಳು ಸಾಫ್ಟ್‌ವೇರ್ ಕಂಪನಿಯಲ್ಲಿ ಕಾಯಂ ಕೆಲಸವಿರುವ ನಮ್ಮ ಸಂಗೀತಗಾರ್ತಿ.

ಗಂಗಾವತಿಯಲ್ಲಿ ಊಟ ಮಾಡಿ, ಕತ್ತಲಾಗುವ ಹೊತ್ತಿಗೆ ಕೊಪ್ಪಳ ಸೇರಿದೆವು. ಈ ಲಾಡ್ಜಿನಲ್ಲಿ ಬಿಸಿನೀರಿತ್ತು.

ಮೂರನೆಯ ದಿನ: ಕೊಪ್ಪಳ

ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಎಣಿಸುವ ನಾಲ್ಕು ಊರುಗಳಲ್ಲಿ ಕೊಪಣನಗರವೂ ಒಂದು. ಆ ತಿರುಳ್ಗನ್ನಡದ ಊರಿನಲ್ಲಿ ಬೆಳಗ್ಗೆ ಮೊದಲು ಕಿವಿಗೆ ಬಿದ್ದದ್ದು ಟ್ರ್ಯಾಕ್ಟರುಗಳ ಸದ್ದು. ಗವಿಮಠದ ಜಾತ್ರೆಗೆ ಇನ್ನೂ ಕೆಲವು ದಿನಗಳಿದ್ದವು. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿಗಳು ಬರುತ್ತಿದ್ದವು. ಎಣಿಸಲು ಹೊರಟ ನಾನು ಮೊದಲ ಗಾಡಿಯಲ್ಲೇ ಸೋತೆ. ಬಿದಿರು ಬುಟ್ಟಿಗಳಲ್ಲಿ, ಬಿಳಿ ಬಟ್ಟೆ ಹೊದಿಸಿ, ಮುಂದೆ ಡೊಳ್ಳು ಬಾರಿಸುತ್ತಾ, ಹೆಂಗಸರು ಹಾಡುತ್ತಾ, ದೇವರ ಉತ್ಸವಮೂರ್ತಿಯ ಮೆರವಣಿಗೆಯ ಹಾಗೆ ರೊಟ್ಟಿಯ ಮೆರವಣಿಗೆ. ಲಕ್ಷಗಟ್ಟಲೆ ಜನರಿಗೆ ಉಣಬಡಿಸುವ ಮಹಾದಾಸೋಹ ಅದು. ಜಾತ್ರೆಯ ಸಂಜೆಗಳಲ್ಲಿ ಸಂಗೀತವೂ ಇರುತ್ತದೆ.

ಗುಡ್ಡದ ಮೇಲೆ ಅಶೋಕನ ಶಾಸನ ನೋಡಿಬಂದೆವು. ಕಿನ್ನಾಳಕ್ಕೆ ಹೋಗಿ ಗೊಂಬೆ ಕೊಳ್ಳುವ ಯೋಚನೆ ಇತ್ತು. ಹೋಗಲಿಲ್ಲ, ಏಕೆಂದರೆ ಮಠದ ಕೆಳಗೆ ಬೇವಿನ ಮರದಡಿ ಒಬ್ಬ ರೈತರು ಸಿಕ್ಕರು. ರೊಟ್ಟಿಯ ಗಾಡಿ ತಂದವರು, ಇಳಿಸುವ ಸರದಿಗೆ ಕಾಯುತ್ತಿದ್ದರು. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಂದು ವಿಚಾರಿಸಿದರು. ಹೇಳಿದೆವು.

"ವೆಂಕಟೇಶ ಕುಮಾರ್ ಅವರಾ? ಹೊಲಕ್ಕೆ ನೀರು ಬಿಡುವಾಗ ದಿನಾ ಹಚ್ಚುತ್ತೇನೆ" ಎಂದು ಜೇಬಿನಿಂದ ಮೊಬೈಲ್ ತೆಗೆದರು. ಗಾಜು ಒಡೆದ ಮೊಬೈಲಿನಿಂದ ವಚನವೊಂದು ಹೊರಟಿತು. ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ ಅಕ್ಕನ ಮಗಳ ಕಡೆ ತಿರುಗಿದರು.

"ನೀನೂ ವಚನ ಹಾಡುತ್ತೀಯಾ ತಂಗೀ?"

"ಇಲ್ಲ ಅಜ್ಜಾ, ಖಯಾಲ್ ಕಲಿಯುತ್ತಿದ್ದೇನೆ."

"ಅದೂ ಬೇಕು ಬಿಡು. ವಚನ ಬರುವ ತನಕ ಏನಾದರೂ ಹಾಡುತ್ತಿರಬೇಕಲ್ಲ."

ಅವಳ ಮುಖ ನೋಡುವ ಹಾಗಿತ್ತು. ನಾನು ಕೆಮ್ಮಿನ ನೆಪದಲ್ಲಿ ಆಚೆ ಹೋಗಿ ನಕ್ಕೆ. ಖಯಾಲ್ ಎಂದರೆ ಒಂದು ರಾಗವನ್ನು ವಿಸ್ತಾರವಾಗಿ ಬೆಳೆಸುವ ಹಿಂದೂಸ್ತಾನಿ ಗಾಯನ. ನಗರದ ಸಭಾಂಗಣಗಳಲ್ಲಿ ಒಂದು ಗಂಟೆ ಖಯಾಲ್ ಆದ ಮೇಲೆ ಕೊನೆಯ ಹತ್ತು ನಿಮಿಷಕ್ಕೆ ವಚನವನ್ನೋ ದಾಸರ ಪದವನ್ನೋ ಇಟ್ಟು ಅದಕ್ಕೆ ಲಘು ಸಂಗೀತ ಎಂದು ಹೆಸರಿಡುತ್ತಾರೆ. ಮುಂದಿನ ಸಾಲಿನ ಕೆಲವರು ಆಗಲೇ ಚಪ್ಪಲಿ ಹುಡುಕುತ್ತಿರುತ್ತಾರೆ. ಬೇವಿನ ಮರದಡಿಯ ಈ ಮನುಷ್ಯರಿಗೆ ಖಯಾಲ್ ಎಂದರೆ ವಚನದ ಮುಂಚಿನ ದೀರ್ಘ ಪೀಠಿಕೆ. ಮೂರು ವರ್ಷ ಖಯಾಲಿಗೆ ಶುಲ್ಕ ಕಟ್ಟಿದವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ವೆಂಕಟೇಶ ಕುಮಾರರು ಎರಡನ್ನೂ ಒಂದೇ ತೂಕದಲ್ಲಿ ಹಾಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ವಚನದ ಸಾಲಿಗೆ ಬಂದಾಗ ದನಿ ಸಣ್ಣಗಾಗುವುದಿಲ್ಲ, ಮುಖದ ಮೇಲೆ ಮನರಂಜನೆಯ ನಗು ಮೂಡುವುದಿಲ್ಲ. ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿಯವರೂ ವಚನಗಾಯನಕ್ಕೆ ಇದೇ ಗಾಂಭೀರ್ಯ ತಂದವರು. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಇನ್ನೊಂದು ಮಾತು. ಈ ದನಿಗೆ ದೇಶದ ಕಿವಿ ಸಿಕ್ಕಿದ್ದು ತಡವಾಗಿ. ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಅವರು ಮೊದಲ ಬಾರಿ ಹಾಡಿದ್ದು 1993ರಲ್ಲಿ, ನಲವತ್ತರ ವಯಸ್ಸಿನಲ್ಲಿ. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 2012ರಲ್ಲಿ, ಪದ್ಮಶ್ರೀ 2016ರಲ್ಲಿ. ಅಷ್ಟು ವರ್ಷವೂ ಧಾರವಾಡದ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿಕೊಂಡು, 2015ರಲ್ಲಿ ನಿವೃತ್ತರಾದರು. ನಾನೂ ಮೂರು ದಶಕ ಪಾಠ ಹೇಳಿದವನು. ಬೆಳಗ್ಗೆ ಹತ್ತಕ್ಕೆ ಹಾಜರಿ ಹಾಕಿ, ಬಾರದ ಮಕ್ಕಳಿಗೆ ಅದೇ ಪಾಠವನ್ನು ನೂರನೆಯ ಸಲ ಹೇಳಿ, ಸಂಜೆ ಮತ್ತೆ ತನ್ನ ರಿಯಾಜಿಗೆ ಕೂರುವುದೆಂದರೆ ಏನು ಎಂಬುದು ಪ್ರಶಸ್ತಿಗಳ ಪಟ್ಟಿಯಲ್ಲಿ ಕಾಣುವುದಿಲ್ಲ.

ರೈತರ ಸರದಿ ಬಂತು. ಬುಟ್ಟಿ ಇಳಿಸಲು ನಾವೂ ಕೈ ಹಾಕಿದೆವು. ಹೊರಡುವಾಗ ನಾಲ್ಕು ಖಡಕ್ ರೊಟ್ಟಿ ಕಟ್ಟಿಕೊಟ್ಟರು. ಜಾತ್ರೆಯದಲ್ಲ, ಅವರ ದಾರಿಯ ಬುತ್ತಿಯವು.

ನಾಲ್ಕನೆಯ ದಿನ: ಕೊಪ್ಪಳದಿಂದ ಗದಗಿಗೆ

ಬೆಳಗಿನ ರೈಲು. ಎರಡೂ ಕಡೆ ಕಪ್ಪು ನೆಲ, ಕಡಲೆ, ಬಿಳಿಜೋಳ. 1968ರಲ್ಲಿ ಬೆಳಗಲ್ಲು ವೀರಣ್ಣ ತಮ್ಮ ಅಳಿಯನನ್ನು ಬಳ್ಳಾರಿ ಸೀಮೆಯಿಂದ ಕರೆತಂದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬಿಟ್ಟರು. ಈಗ ನಾನೂ ಒಬ್ಬ ಮಾವ, ಎದುರಿಗೆ ಅಕ್ಕನ ಮಗಳು, ಕಿವಿಗೆ ಇಯರ್‌ಫೋನು. ಹೋಲಿಕೆ ಅಲ್ಲಿಗೇ ಮುಗಿಯಿತು. ನಮ್ಮ ಬಳಿ ಹಿಂದಿರುಗುವ ಟಿಕೆಟ್ ಇತ್ತು.

ಈ ಆಶ್ರಮವನ್ನು ಕಟ್ಟಿದವರು ಪಂಚಾಕ್ಷರಿ ಗವಾಯಿಗಳು, 1892ರಲ್ಲಿ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿದವರು, ಹುಟ್ಟು ಕುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಎರಡೂ ಪದ್ಧತಿಯ ಸಂಗೀತ ಕಲಿತು, ಕಣ್ಣಿಲ್ಲದ ಮಕ್ಕಳನ್ನೂ ಗತಿಯಿಲ್ಲದ ಮಕ್ಕಳನ್ನೂ ಜೊತೆ ಕಟ್ಟಿಕೊಂಡು ಊರೂರು ಅಲೆದರು. ಪಾಠಶಾಲೆಯೇ ನಡೆದಾಡುತ್ತಿತ್ತು, ಯಾವ ಊರಿನಲ್ಲಿ ಅನ್ನ ಸಿಕ್ಕಿತೋ ಅಲ್ಲಿ ಪಾಠ. ಬಸವರಾಜ ರಾಜಗುರು ಅವರ ಶಿಷ್ಯರು. 1944ರಲ್ಲಿ ಗವಾಯಿಗಳು ತೀರಿಕೊಂಡ ಮೇಲೆ ಹೊಣೆ ಹೊತ್ತವರು, ಎಳವೆಯಲ್ಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು.

ಪುಟ್ಟರಾಜರು ಹಾಡುತ್ತಿದ್ದರು, ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ನುಡಿಸುತ್ತಿದ್ದರು, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಬರೆಯುತ್ತಿದ್ದರು. ಇದನ್ನೆಲ್ಲ ಜನ ಬೆರಗಿನಿಂದ ಹೇಳುತ್ತಾರೆ. ನನಗೆ ಬೆರಗು ಬೇರೆ. ನೂರಾರು ಮಕ್ಕಳಿಗೆ ದಿನಕ್ಕೆ ಎರಡು ಹೊತ್ತು ಊಟ ಹಾಕುವ ಲೆಕ್ಕವನ್ನು ಅವರು ಹೇಗೆ ಸರಿದೂಗಿಸಿದರು? ಒಂದು, ನಾಟಕ ಕಂಪನಿ ಕಟ್ಟಿದರು. ತಾವೇ ನಾಟಕ ಬರೆದು, ಜಾತ್ರೆಗಳಲ್ಲಿ ಆಡಿಸಿ, ಟಿಕೆಟಿನ ಹಣವನ್ನು ಆಶ್ರಮದ ಒಲೆಗೆ ತಂದರು. ಎರಡು, ತುಲಾಭಾರ. ಭಕ್ತರು ತಕ್ಕಡಿಯ ಒಂದು ತಟ್ಟೆಯಲ್ಲಿ ಅವರನ್ನು ಕೂರಿಸಿ, ಇನ್ನೊಂದರಲ್ಲಿ ನಾಣ್ಯ ಸುರಿಯುವುದು. ಸಾವಿರಕ್ಕೂ ಮೀರಿದ ತುಲಾಭಾರಗಳಾದವು. ಆ ಸಣಕಲು ಮೈಯ ತೂಕವೇ ಮಕ್ಕಳ ಅಕ್ಕಿ ಬೇಳೆ. ದಪ್ಪಗಿದ್ದಿದ್ದರೆ ಆಶ್ರಮಕ್ಕೆ ಇನ್ನಷ್ಟು ಲಾಭವಾಗುತ್ತಿತ್ತು ಎಂದು ಅಕ್ಕನ ಮಗಳು ಪಿಸುಗುಟ್ಟಿದಳು. ಈ ಸಲ ನಾನೂ ತಡೆಯಲಿಲ್ಲ.

ಈ ಅನ್ನವನ್ನು ಉಂಡು ವೆಂಕಟೇಶ ಕುಮಾರರು ಇಲ್ಲಿ ಹನ್ನೊಂದು ಹನ್ನೆರಡು ವರ್ಷ ಕಲಿತರು. ಗ್ವಾಲಿಯರ್ ಮತ್ತು ಕಿರಾಣಾ ಘರಾಣೆಗಳ, ಅಂದರೆ ಗಾಯನ ಪರಂಪರೆಗಳ, ಹದ ಅವರ ಹಾಡಿನಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ವೇಗದ ಸ್ವರಸಾಲುಗಳಾದ ತಾನುಗಳ ನೇರ ಓಟದಲ್ಲಿ ಒಂದು, ಸ್ವರದ ಮೇಲೆ ನಿಲ್ಲುವ ಸಮಾಧಾನದಲ್ಲಿ ಇನ್ನೊಂದು. ನನ್ನ ಕಿವಿಗೆ ಅಷ್ಟು ಬೇರ್ಪಡಿಸಲು ಬಾರದು. ಆದರೆ ಒಂದು ರಾಗವನ್ನು ಎತ್ತಿಕೊಂಡರೆ ಗಡಿಬಿಡಿ ಇಲ್ಲದೆ, ಗಿಮಿಕ್ಕು ಇಲ್ಲದೆ, ಎದುರಿಗೆ ಕುಳಿತವರು ಉಣ್ಣುವಷ್ಟು ಬಡಿಸಿ ಏಳುವುದನ್ನು ನೋಡಿದ್ದೇನೆ. ಪಂಕ್ತಿಯಲ್ಲಿ ಬೆಳೆದವರ ಕೈ ಅದು.

ಆಶ್ರಮದ ಪಡಸಾಲೆಯಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ಹಾರ್ಮೋನಿಯಂ ಪೇಟಿಯ ಮುಂದೆ ಕುಳಿತಿದ್ದ. ಕಣ್ಣು ಕಾಣದು. ನಮ್ಮ ಮಾತು ಕೇಳಿ ನುಡಿಸುವುದನ್ನು ನಿಲ್ಲಿಸಿದ. ಊಟಕ್ಕೆ ಎಲ್ಲಿ ಹೋಗಬೇಕು ಎಂದು ಅಕ್ಕನ ಮಗಳು ಕೇಳಿದಳು. ಅವನು ಉತ್ತರ ಕೊಡುವ ಮೊದಲು ಪೇಟಿಯ ಒಂದು ಮನೆಯನ್ನು, ಅಂದರೆ ಸ್ವರದ ಕೀಲಿಯನ್ನು, ಒತ್ತಿದ.

"ಅಕ್ಕಾ, ನೀವು ಮಾತನಾಡುವುದು ಇಲ್ಲಿ. ಬಿಳಿ ಐದು."

ಅವಳು ಸಣ್ಣಗೆ ಸಾ ಹಿಡಿದಳು. ಅದೇ ಮನೆ. ಬೆರಗಾಗಿ ನಕ್ಕಳು.

"ನನ್ನದು?" ಎಂದೆ.

ಅವನು ಒಂದು ಮನೆ ಒತ್ತಿದ, ತಲೆ ಅಲ್ಲಾಡಿಸಿದ. ಪಕ್ಕದ್ದನ್ನು ಒತ್ತಿದ, ಮತ್ತೆ ಅಲ್ಲಾಡಿಸಿದ. "ನೀವು ಎರಡು ಮನೆಗಳ ನಡುವೆ ಮಾತನಾಡುತ್ತೀರಿ ಅಜ್ಜಾ. ಅದು ಪೇಟಿಯಲ್ಲಿ ಸಿಗುವುದಿಲ್ಲ."

ಗಂಟೆ ಬಾರಿಸಿತು. ಅವನೇ ಮುಂದಾಗಿ, ಗೋಡೆಯನ್ನು ಬೆರಳಲ್ಲಿ ಸವರುತ್ತಾ, ನಮ್ಮನ್ನು ಪಂಕ್ತಿಗೆ ಕರೆದೊಯ್ದ. ಅನ್ನ, ಸಾರು, ಗೋಧಿ ಹುಗ್ಗಿ. ಕೊಪ್ಪಳದ ನಾಲ್ಕು ರೊಟ್ಟಿಗಳನ್ನು ಬಿಚ್ಚಿ ಅವನ ಸ್ನೇಹಿತರಿಗೂ ಹಂಚಿದೆವು. ಉಂಡ ತಟ್ಟೆಯನ್ನು ತೊಳೆದು ಇಡುವುದು ಇಲ್ಲಿನ ಪದ್ಧತಿ. ಅವನು ನನ್ನ ತಟ್ಟೆಯನ್ನು ಮುಟ್ಟಿ ನೋಡಿ, ಅಂಚಿನಲ್ಲಿ ಇನ್ನೂ ಜಿಡ್ಡಿದೆ ಎಂದ. ಮತ್ತೊಮ್ಮೆ ತೊಳೆದೆ.

ಗದಗ ನಿಲ್ದಾಣದಲ್ಲಿ ರೈಲು ಒಂದು ಗಂಟೆ ತಡ. ಬೆಂಚಿನ ಮೇಲೆ ಕುಳಿತ ಅಕ್ಕನ ಮಗಳು ಮೊಬೈಲಿನ ತಂಬೂರಿಯನ್ನು ಹಚ್ಚಿ, ಏನನ್ನೋ ಯೋಚಿಸಿ, ಆರಿಸಿದಳು. ಬಾಯಿ ಮುಚ್ಚಿ ಬಿಳಿ ಐದರಲ್ಲಿ ಸಾ ಹಿಡಿದಳು. ನಾನು ಮೊಣಕಾಲಿನ ಮೇಲೆ ತೀನ್‌ತಾಲ ಎಣಿಸತೊಡಗಿದೆ. ಹದಿನಾಲ್ಕನೆಯ ಮಾತ್ರೆಗೆ ಧ್ವನಿವರ್ಧಕ ಕೂಗಿ, ಲೆಕ್ಕ ತಪ್ಪಿತು.